ನುಂಗುವುದೊಂದೇ ಅದರ ಕಸುಬೆ?

'ಕಪ್ಪುಕುಳಿ' ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಬಕಾಸುರನ ನೆನಪಾಗುತ್ತದೆ. ಹತ್ತಿರ ಬಂದದ್ದನ್ನೆಲ್ಲ ನುಂಗುವುದು, ಬೆಳಕನ್ನೂ ಬಿಡದಿರುವುದು, ಇಷ್ಟೇ ಅದರ ಚರಿತ್ರೆಯೆಂಬ ಭಾವನೆ ಬೇರೂರಿದೆ. ಇದು ಅರ್ಧ ಸತ್ಯವೆಂಬುದು ನನ್ನ ವಾದ. ಕಲಾವಿಭಾಗದ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ಕೇಳುವವರುಂಟು. ಹೆಸರಿಟ್ಟು ಕಥೆ ಕಟ್ಟುವವರು ನಾವಾದ ಮೇಲೆ, ತಪ್ಪಿದ ಕಥೆಯನ್ನು ತಿದ್ದುವ ಹೊಣೆಯೂ ನಮ್ಮದಲ್ಲವೆ?

ಗೆಲಾಕ್ಸಿಯೆಂಬುದು ನಕ್ಷತ್ರಗಳ ಊರಾದರೆ, ಅಂಥ ನೂರಾರು ಊರುಗಳು ಸೇರಿದ ಸೀಮೆಯೇ ಗೆಲಾಕ್ಸಿಗಳ ಗುಚ್ಛ. ಊರುಗಳ ನಡುವಣ ಬಯಲು ಬರಿದಾಗಿಲ್ಲ. ಅಲ್ಲಿ 1 ಕೋಟಿಯಿಂದ 10 ಕೋಟಿ ಡಿಗ್ರಿ ಕಾವಿನ ತೆಳುವಾದ ಅನಿಲ ತುಂಬಿದೆ. ಅದರ ತೂಕ ಗುಚ್ಛದ ನಕ್ಷತ್ರಗಳೆಲ್ಲದರ ತೂಕದ ಹಲವು ಪಟ್ಟು. ಈ ಅನಿಲ ಎಕ್ಸ್-ಕಿರಣಗಳನ್ನು ಸೂಸುತ್ತ ಕಾವು ಕಳೆದುಕೊಳ್ಳುತ್ತದೆ. ಅನೇಕ ಗುಚ್ಛಗಳ ನಡುಭಾಗದಲ್ಲಿ ಅದು ಬೇಗ ತಣಿದು ಕುಸಿದು, ವರ್ಷಕ್ಕೆ ನೂರಾರು ಸೂರ್ಯರಷ್ಟು ದ್ರವ್ಯ ಹೊಸ ನಕ್ಷತ್ರಗಳಾಗಬೇಕಿತ್ತು. ಹಾಗೆ ಆಗುತ್ತಿಲ್ಲ. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರು ಹೊತ್ತು 1999ರಲ್ಲಿ ಮೇಲೇರಿದ ಚಂದ್ರಾ ದೂರದರ್ಶಕಕ್ಕೂ, ಅದೇ ವರ್ಷದ ಎಕ್ಸ್‌ಎಂಎಂ-ನ್ಯೂಟನ್ನಿಗೂ ಅಷ್ಟು ತಂಪು ಅನಿಲ ಸಿಗಲಿಲ್ಲ. ಹಾಗಾದರೆ ಒಲೆಗೆ ಉರಿಯಿಕ್ಕುತ್ತಿರುವವರಾರು?

ನಡುವಿನ ಗೆಲಾಕ್ಸಿಯ ಒಡಲಲ್ಲಿ ಕುಳಿತ ಅದೇ ಬಕಾಸುರ! ಅವನತ್ತ ಬೀಳುವ ಅನಿಲದ ಶಕ್ತಿಯಲ್ಲಿ ಒಂದು ಪಾಲು ಎರಡು ದಿಕ್ಕಿಗೂ ಧಾರೆಯಾಗಿ ಚಿಮ್ಮಿ, ಸುತ್ತಣ ಬಿಸಿ ಅನಿಲವನ್ನು ಸರಿಸಿ ಗುಳ್ಳೆಗಳನ್ನೆಬ್ಬಿಸುತ್ತದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ಕಂಡವರಿಗೆ ಗುಳ್ಳೆಯ ಸ್ವಭಾವವನ್ನು ಬಣ್ಣಿಸಬೇಕಾಗಿಲ್ಲ. ಅಳತೆ ಮಾತ್ರ ಬೇರೆ: ಎಂಎಸ್ 0735 ಎಂಬ ಗುಚ್ಛದಲ್ಲಿನ ಇಂಥ ಒಂದೊಂದು ಗುಳ್ಳೆಯ ಅಗಲ, 2005ರಲ್ಲಿ ಪ್ರಕಟವಾದಂತೆ, ಸುಮಾರು 6 ಲಕ್ಷ ಜ್ಯೋತಿರ್ವರ್ಷ. ನಮ್ಮ ಆಕಾಶಗಂಗೆಯಂಥ ಆರನ್ನು ಸಾಲಾಗಿ ನಿಲ್ಲಿಸಬಹುದು.

ಇನ್ನು, ಬಕಾಸುರನಿಗೆ ಊಟದ ಹೊತ್ತು ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ಬಿಡಿಸಿದವರಲ್ಲೊಬ್ಬರು ಹಿರೇಹಳ್ಳಿಯಲ್ಲಿ ರೈಲು ಹತ್ತಿದರೆ ಸೇರಬಹುದಾದ ಬೆಂಗಳೂರಿನಲ್ಲೇ, ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ. ಪ್ರತೀಕ್ ಶರ್ಮ ಮತ್ತು ಸಂಗಡಿಗರು 2012ರಲ್ಲಿ ಗಣಕಯಂತ್ರದ ಲೆಕ್ಕದಿಂದ ತೋರಿಸಿದ್ದಿದು: ಅನಿಲ ತಣಿಯಲು ಹಿಡಿಯುವ ಕಾಲವು, ಅದು ನಡುವಿಗೆ ಬೀಳಲು ಹಿಡಿಯುವ ಕಾಲದ ಸುಮಾರು 10 ಪಟ್ಟಿಗಿಂತ ಕಡಿಮೆಯಾದರೆ, ತಂಪಾದ ತುಣುಕುಗಳು ಮಳೆಹನಿಯಂತೆ ಬೇರ್ಪಡುತ್ತವೆ. ಆ ಮಳೆಯೇ ಊಟ. ಉಂಡೊಡನೆ ಧಾರೆ, ಧಾರೆಯಿಂದ ಕಾವು, ಕಾವಿನಿಂದ ಮಳೆಗೆ ತಡೆ. ಬಂಡಿ ಅನ್ನ ನಿಂತೊಡನೆ ಬಕಾಸುರನೂ ಸುಮ್ಮನಾಗುತ್ತಾನೆ. ತಣಿದ ಪಾತ್ರೆ ತಾನೇ ಒಲೆಗೆ ಸೌದೆ ದೂಡುವ ಏರ್ಪಾಡು!

ಆದರೆ ಗುಳ್ಳೆಯ ಶಕ್ತಿ ಅನಿಲಕ್ಕೆಲ್ಲ ಹಂಚಿಹೋಗುವ ಬಗೆಯಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಸುಳಿಗಳಿಂದ ಎನ್ನುವವರುಂಟು, ಶಬ್ದದ ಅಲೆಗಳಿಂದ ಎನ್ನುವವರುಂಟು. 2016ರಲ್ಲಿ ಜಪಾನಿನ ಹಿಟೋಮಿ ಉಪಗ್ರಹ ಪರ್ಸಿಯಸ್ ಗುಚ್ಛವನ್ನು ನೋಡಿದಾಗ ಅನಿಲದ ಕಲಕಾಟ ಸೆಕೆಂಡಿಗೆ 164 ಕಿಲೋಮೀಟರಿನಷ್ಟೇ ಇತ್ತು, ನಿರೀಕ್ಷೆಗಿಂತ ಶಾಂತ. ಆದ್ದರಿಂದ ಸುಳಿಗಳೊಂದರಿಂದಲೇ ಎನ್ನುವ ಪಕ್ಷ ನನಗೆ ಒಪ್ಪಿಗೆಯಿಲ್ಲ. ಗುಳ್ಳೆಯೊಳಗಿನ ಬಿಸಿ ಹೊರಗಿನ ಅನಿಲದೊಡನೆ ಬೆರೆಯುವುದಕ್ಕೂ ಪಾಲಿರಬೇಕು. ಭೌತಶಾಸ್ತ್ರ ಬಲ್ಲ ಅಧ್ಯಾಪಕರು ಇದನ್ನು ಒಪ್ಪದಿದ್ದರೆ ಮುಂದಿನ ಸಂಚಿಕೆಯಲ್ಲಿ ಧಾರಾಳವಾಗಿ ಖಂಡಿಸಲಿ.