ಬೂದಿ ಮುಚ್ಚಿದ ಕೆಂಡ

ನಾನು ಪಿಯುಸಿ ಬಿಟ್ಟಂದಿನಿಂದ ಮಾತು ಬಿಟ್ಟಿದ್ದ ಅಪ್ಪ ಕಳೆದ ಭಾನುವಾರ ದಿಢೀರನೆ ರೂಮಿಗೆ ಬಂದರು. ಕೋಳಿ ಸುಟ್ಟು ಬಡಿಸೋಣ ಅಂತ ತಾರಸಿಯಲ್ಲಿ ಇದ್ದಿಲು ಹಚ್ಚಿದೆ. ಉರಿ ಎದ್ದದ್ದೇ ತಡ, ಕಾಲುಗಳನ್ನು ಜಾಲರಿಗೇರಿಸಿದೆ. ಹತ್ತೇ ನಿಮಿಷ! ಹೊರಗೆ ಮಸಿ, ಮೂಳೆ ಹತ್ತಿರ ಹಸಿ.

ಅಪ್ಪ ಬೈಯಲಿಲ್ಲ. "ಆತುರ ಕಣೋ ನಿಂಗೆ. ಕೆಂಡದ ಮೇಲೆ ಬೂದಿ ಕೂರೋವರೆಗೂ ಕಾಯ್ಬೇಕು" ಎಂದರು. ಕೆಂಡವನ್ನು ಒಂದು ಬದಿಗೆ ತಳ್ಳಿ, ಮಿಕ್ಕ ಕಾಲುಗಳಿಗೆ ಮೂಳೆ ಮುಟ್ಟುವಂತೆ ಗೀಟು ಹಾಕಿ, ಇನ್ನೊಂದು ಬದಿಯಲ್ಲಿಟ್ಟು ಪಾತ್ರೆ ಮುಚ್ಚಿದರು. ಒಳಗೆಲ್ಲ ಬೆಂದ ಮೇಲಷ್ಟೇ ಕೆಂಡದ ಮೇಲೆ ಎರಡು ನಿಮಿಷ. ಶಾಸ್ತ್ರದ ಲೆಕ್ಕ 74 ಡಿಗ್ರಿ. ರೂಮಿನಲ್ಲಿ ಥರ್ಮಾಮೀಟರ್ ಎಲ್ಲಿ ಬರಬೇಕು? ಮೂಳೆ ಹತ್ತಿರ ಸೀಳಿ ನೋಡಿದರು, ಕೆಂಪಿಲ್ಲ.

ತಟ್ಟೆ ಖಾಲಿಯಾದಾಗ ಅಪ್ಪ ಕೇಳಿದರು: "ಪತ್ರಿಕೇಲಿ ಏನೋ ಬರೀತೀಯಂತೆ, ತೋರ್ಸು."

ಈ ವಾರ ಇದನ್ನೇ ತೋರಿಸ್ತೀನಿ!