ನಾವು ಕಟ್ಟುವುದು ಕಂತು ಮಾತ್ರವೇ?

ಅಪಾರ್ಟ್‌ಮೆಂಟ್ ಕಟ್ಟುವಾಗ ಅಲ್ಲಿ ಬಾಳಬೇಕಾದವರನ್ನೂ ಕೇಳಿ ಎಂದರೆ ಬಿಲ್ಡರುಗಳು ನಗುತ್ತಾರೆ, ಕೆಲವು ವಾಸ್ತುಶಿಲ್ಪಿಗಳು ಹುಬ್ಬು ಗಂಟಿಕ್ಕುತ್ತಾರೆ. ‘ಮನೆ ಕಟ್ಟಿ ನೋಡು’ ಎಂಬ ಗಾದೆಯ ನಾಡಿನಲ್ಲಿ ಈಗ ಮನೆ ಕಟ್ಟುವವರು ಅವರು. ನಾವು ಕಟ್ಟುವುದು ಕಂತು ಮಾತ್ರ. ಅವರ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

ಒಂದು: “ನಿವಾಸಿಗಳಿಗೆ ಕಟ್ಟಡದ ವಿದ್ಯೆ ಗೊತ್ತಿಲ್ಲ.” ನಿಜ. ಕಂಬಕ್ಕೆ ಎಷ್ಟು ಕಬ್ಬಿಣ ಹಾಕಬೇಕೆಂದು ಅವರನ್ನು ಯಾರೂ ಕೇಳುತ್ತಿಲ್ಲ. ಡಚ್ ವಾಸ್ತುಶಿಲ್ಪಿ ಜಾನ್ ಹಬ್ರಾಕೆನ್ 1961ರಲ್ಲೇ ಈ ಗೆರೆ ಎಳೆದುಕೊಟ್ಟರು: ಎಲ್ಲರನ್ನೂ ಹೊರುವ ಕಂಬ, ತೊಲೆ, ಮೆಟ್ಟಿಲು ತಜ್ಞರ ಪಾಲಿಗೆ, ಒಳಗೋಡೆ, ಅಡುಗೆಮನೆ, ಕೋಣೆಗಳ ಜೋಡಣೆ ಮನೆಯವರ ಪಾಲಿಗೆ. ಇದು ಬರೀ ಪುಸ್ತಕದ ಬದನೆಕಾಯಿ ಅಲ್ಲ. ಒಸಾಕಾದಲ್ಲಿ 1993ರಲ್ಲಿ ಮುಗಿದ ‘ನೆಕ್ಸ್ಟ್ 21’ ಕಟ್ಟಡದ 18 ಮನೆಗಳೂ ಒಂದೇ ಹಂದರದೊಳಗೆ ಬೇರೆಬೇರೆಯಾಗಿವೆ. ಬಟ್ಟೆ ಎಲ್ಲಿ ಒಣಗಬೇಕು, ಮೊಣಕಾಲು ನೋವಿನ ಅಜ್ಜಿಗೆ ಬಚ್ಚಲು ಎಷ್ಟು ಹತ್ತಿರವಿರಬೇಕು ಎಂಬ ವಿದ್ಯೆಯಲ್ಲಿ ಪಂಡಿತರು ಮನೆಯವರೇ.

ಎರಡು: “ಕೇಳುತ್ತ ಕೂತರೆ ಖರ್ಚು ಏರುತ್ತದೆ.” ಸಭೆಗಳಿಗೆ ಸಮಯ ಹಿಡಿಯುತ್ತದೆ, ಒಪ್ಪಿದೆ. ಆದರೆ ಬಾರ್ಸಿಲೋನಾದ ‘ಲಾ ಬೊರ್ದಾ’ ನೋಡಿ. ನಗರಾಡಳಿತದಿಂದ 75 ವರ್ಷದ ಗುತ್ತಿಗೆಗೆ ಪಡೆದ ಜಾಗದಲ್ಲಿ ಸಹಕಾರ ಸಂಘವೊಂದು 2018ರಲ್ಲಿ ಮುಗಿಸಿದ 28 ಮನೆಗಳ ಕಟ್ಟಡವದು. ನೆಲದಡಿಯ ಪಾರ್ಕಿಂಗ್ ಬೇಡವೆಂದು ನಿವಾಸಿಗಳೇ ತೀರ್ಮಾನಿಸಿದರು. ಬಟ್ಟೆ ಒಗೆಯುವ ಜಾಗವನ್ನು ಎಲ್ಲರಿಗೂ ಸೇರಿ ಒಂದೇ ಮಾಡಿಕೊಂಡರು. ಇಂಥ ಉಳಿತಾಯ ಕೇಳಿದ್ದರಿಂದಲೇ ಹುಟ್ಟುವಂಥದ್ದು. ನಮ್ಮಲ್ಲೋ, ಕೀಲಿ ಕೈಗೆ ಬಂದ ವಾರದಲ್ಲೇ ಹೊಸ ಟೈಲ್ಸ್ ಒಡೆಯುವ ಸದ್ದು. ಹಾಕಿದ್ದಕ್ಕೂ ದುಡ್ಡು, ಕಿತ್ತಿದ್ದಕ್ಕೂ ದುಡ್ಡು. ಆ ಖರ್ಚು ಬಿಲ್ಡರ್ ಲೆಕ್ಕದಲ್ಲಿ ಕಾಣುವುದಿಲ್ಲ, ಅಷ್ಟೆ.

ಮೂರು: “ಬಡವರಿಗೆ ಸೂರು ಸಿಕ್ಕರೆ ಸಾಕು, ಚರ್ಚೆ ಬೇಡ.” ನಾಲ್ಕರಲ್ಲಿ ಅತ್ಯಂತ ಒರಟು ವಾದ ಇದೇ. ಚಿಲಿಯ ಇಕೀಕೆ ನಗರದ ಕಿಂತಾ ಮೊನ್ರೊಯ್‌ನಲ್ಲಿ ಸುಮಾರು ನೂರು ಬಡ ಕುಟುಂಬಗಳಿದ್ದವು. ಜಾಗವೂ ಸೇರಿ ಒಂದು ಮನೆಗೆ ಸಿಕ್ಕ ಸಹಾಯಧನ 7,500 ಡಾಲರ್. ಬಹುಮಹಡಿ ಕಟ್ಟಡದ ಮಾತೆತ್ತಿದರೆ ಉಪವಾಸ ಕೂರುತ್ತೇವೆ ಎಂದರು ಜನ. ಅಲ್ಲಿ ಮನೆ ಬೆಳೆಸಲು ಜಾಗವಿರುವುದಿಲ್ಲವಲ್ಲ. ಕೊನೆಗೆ ವಾಸ್ತುಶಿಲ್ಪಿ ಅಲೆಹಾಂದ್ರೊ ಅರವೇನ ಅವರ ತಂಡ ಕಟ್ಟಿಕೊಟ್ಟಿದ್ದು ಅರ್ಧ ಮನೆ: ಅಡುಗೆಮನೆ, ಬಚ್ಚಲು, ಮೆಟ್ಟಿಲು, ಗಟ್ಟಿ ಗೋಡೆ. ಉಳಿದರ್ಧವನ್ನು ಕುಟುಂಬಗಳು ಕೈಯಲ್ಲಿ ಕಾಸು ಓಡಾಡಿದಂತೆ ತಾವೇ ಕಟ್ಟಿಕೊಂಡವು.

ನಾಲ್ಕು: “ಕೊಳ್ಳುವವರು ಯಾರೆಂದೇ ಗೊತ್ತಿಲ್ಲ, ಯಾರನ್ನು ಕೇಳುವುದು?” ತೂಕವಿರುವ ಆಕ್ಷೇಪ ಇದೊಂದೇ. ಆದರೆ ಕೊಳೆಗೇರಿ ತೆರವು ಮಾಡಿ ಕಟ್ಟುವಾಗ, ಹಳೆಯ ಅಪಾರ್ಟ್‌ಮೆಂಟ್ ಕೆಡವಿ ಮತ್ತೆ ಎಬ್ಬಿಸುವಾಗ ಹೆಸರಿನ ಪಟ್ಟಿ ಕೈಯಲ್ಲೇ ಇರುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್‌ನ ಬೈಕರ್ ಬಡಾವಣೆಯನ್ನು ಹೊಸದಾಗಿ ಕಟ್ಟುವಾಗ ವಾಸ್ತುಶಿಲ್ಪಿ ರಾಲ್ಫ್ ಅರ್ಸ್ಕಿನ್ ಅವರ ತಂಡ ಅಲ್ಲೇ ಒಂದು ಹಳೆಯ ಅಂಗಡಿಯಲ್ಲಿ ಕಚೇರಿ ತೆರೆಯಿತು; ಜನ ನೇರವಾಗಿ ಒಳಗೆ ಬಂದು ಮಾತಾಡಿದರು. ಅಲ್ಲಿಯ ಹಳಬರಲ್ಲಿ ಹೆಚ್ಚಿನವರು ಕೊನೆಗೆ ಅಲ್ಲಿ ಉಳಿಯಲಿಲ್ಲ ಎಂಬುದೂ ನಿಜವೇ. ಕೇಳುವುದೊಂದೇ ಸಾಲದು, ಕೇಳಿದವರನ್ನು ಉಳಿಸಿಕೊಳ್ಳಲೂ ಬೇಕು ಎಂಬುದು ಅದರ ಪಾಠ. ಕೊಳ್ಳುವವರು ನಿಜಕ್ಕೂ ಗೊತ್ತಿಲ್ಲದ ಕಡೆ ಹಬ್ರಾಕೆನ್ ಹೇಳಿದ ಹಾಗೆ ಒಳಗೋಡೆಗಳನ್ನು ಆಮೇಲಿಗೆ ಬಿಡಿ.

ನಮ್ಮ ದೇಶದ್ದೇ ಆದ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮಂಜೂರಾದ ಕಟ್ಟಡದ ನಕ್ಷೆಯಲ್ಲಿ ದೊಡ್ಡ ಬದಲಾವಣೆ ಮಾಡಲು ಮನೆ ಕಾಯ್ದಿರಿಸಿದವರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಬೇಕು. ನಕ್ಷೆ ತಿದ್ದಲು ನಮ್ಮ ಸಹಿ ಬೇಕೆಂದು ಕಾನೂನೇ ಹೇಳಿರುವಾಗ, ನಕ್ಷೆ ಬರೆಯುವ ಮೇಜಿನ ಬಳಿ ನಮಗೊಂದು ಕುರ್ಚಿ ಹಾಕಲಿ.