ಉಜ್ಜುವ ವೇಳೆಯೂ ದುಡಿಮೆಯ ವೇಳೆಯೇ

ಮಳೆಗಾಲ ಬಂತೆಂದರೆ ಮುಂಬಯಿಯ ಜನ ಲೋಣಾವಳಾಕ್ಕೆ ಮೋಜಿಗೆಂದು ಹೋಗುತ್ತಾರೆ. ಚಿಕ್ಕಿಯ ಪೊಟ್ಟಣ ಹಿಡಿದು ಮರಳುತ್ತಾರೆ. ನಾವು ಹೋದದ್ದು ಹಳೆಯ ಮುಂಬಯಿ-ಪುಣೆ ಹೆದ್ದಾರಿಯ ಬದಿಯಲ್ಲಿ ಲಾರಿಗಳಿಗೆ ವೆಲ್ಡಿಂಗ್ ಮಾಡುವ ನಮ್ಮ ಕನ್ನಡದ ಹುಡುಗರನ್ನು ಕಾಣಲು.

ವರ್ಷಕ್ಕೆ ಹೆಚ್ಚುಕಡಿಮೆ 4000 ಮಿಲಿಮೀಟರು ಮಳೆ ಸುರಿಯುವ ಊರದು. ಗೋಡೆಯೇ ಬೆವರುವಲ್ಲಿ ವೆಲ್ಡಿಂಗ್ ರಾಡು ಒಣಗಿರುವುದೆಲ್ಲಿ? ರಾಡಿನ ಮೇಲಿನ ಲೇಪ ತೇವ ಹೀರಿದರೆ ಬೆಸುಗೆಯಲ್ಲಿ ಗಾಳಿಗುಳ್ಳೆ ಏಳುತ್ತದೆ, ಬಿರುಕು ಬಿಡುತ್ತದೆ. ಆ ಬಿರುಕು ಘಾಟಿನ ಇಳಿಜಾರಿನಲ್ಲಿ ಲಾರಿ ಚಾಲಕನ ಪ್ರಾಣಕ್ಕೆ ಎರವಾದೀತು.

ಒಂದು ಗ್ಯಾರೇಜಿನಲ್ಲಿ ಕೇಬಲ್ಲಿನ ರಬ್ಬರು ಸೀಳಿ ತಾಮ್ರ ಹೊರಬಿದ್ದಿತ್ತು. ಅದಕ್ಕೆ ಹಳೆಯ ಬಟ್ಟೆ ಸುತ್ತಿದ್ದರು. ಕಿಡಿ ಹೊತ್ತದಿರುವಾಗಲೂ ಹೋಲ್ಡರಿನಲ್ಲಿ 50ರಿಂದ 80 ವೋಲ್ಟು ಇರುತ್ತದೆ. ನೆನೆದ ಅಂಗಿ, ನೀರು ನಿಂತ ನೆಲ ಇದ್ದರೆ ಅಷ್ಟೇ ಪ್ರಾಣ ತೆಗೆಯಬಲ್ಲದು. ಏಕಪ್ಪಾ ಇದನ್ನು ಸರಿಪಡಿಸಲಿಲ್ಲ ಎಂದು ಕೇಳಿದೆವು. "ಅಣ್ಣಾ, ಕೆಲಸ ಬಿಟ್ಟ ಮೇಲೆ ಮಾಡು ಅಂತಾರೆ ಸೇಠರು. ಆ ಹೊತ್ತಿಗೆ ಪಗಾರ ಇಲ್ಲ" ಎಂದ ಹುಡುಗ. ತೇವದಿಂದ ಕೆಟ್ಟ ರಾಡಿನ ಬೆಲೆಯನ್ನೂ ಅವನ ಪಗಾರದಿಂದಲೇ ಮುರಿಯುತ್ತಾರಂತೆ!

ನಾವೂ ಹೋಟೆಲಿನಲ್ಲಿ ಕಾವಲಿ ತಿಕ್ಕಿ ಬೆಳೆದವರು. ಕಾವಲಿ ತಿಕ್ಕದೆ ದೋಸೆ ಏಳದು. ಆದರೆ ಮಾಲಿಕನ ಲೆಕ್ಕದಲ್ಲಿ ದೋಸೆ ಹುಯ್ದದ್ದು ಮಾತ್ರ ಕೆಲಸ. ಇದೇ ಲೋಣಾವಳಾದಲ್ಲಿ 1945ರಿಂದ ನೌಕಾದಳದ ಶಿವಾಜಿ ತರಬೇತಿ ಕೇಂದ್ರವಿದೆ. ಹಡಗಿನ ಯಂತ್ರ ನಡೆಸುವುದರ ಜೊತೆಗೆ ಅದನ್ನು ಕಾಪಾಡುವುದೂ ಅಲ್ಲಿ ವಿದ್ಯೆ. ಹೆದ್ದಾರಿಯ ಬದಿಯಲ್ಲಿ ಮಾತ್ರ ಅದು ಬಿಟ್ಟಿ ಚಾಕರಿಯೇ?

1948ರ ಕಾರ್ಖಾನೆ ಕಾಯಿದೆ ಕಣ್ಣಿನ ರಕ್ಷಣೆಗೆಂದೇ 35ನೆಯ ಕಲಮನ್ನು ಇಟ್ಟಿತ್ತು. ಆದರೆ ವಿದ್ಯುತ್ತು ಬಳಸುವಲ್ಲಿ ಸಾಮಾನ್ಯವಾಗಿ 10 ಮಂದಿಯಾದರೂ ದುಡಿದರೆ ಮಾತ್ರ ಅದು ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು. ಮೂರು-ನಾಲ್ಕು ಜನರ ಗ್ಯಾರೇಜು ಅಂದೂ ಹೊರಗೆ, ಇಂದೂ ಹೊರಗೆ. ಕಾನೂನು ಹೋಗದಲ್ಲಿಗೆ ಸಂಘ ಹೋಗಬೇಕು.

ನಮ್ಮ ಬೇಡಿಕೆ ದೊಡ್ಡದಲ್ಲ. ಯಂತ್ರ ಚೊಕ್ಕಟ ಮಾಡಲು ದಿನಕ್ಕೆ ಅರ್ಧ ತಾಸು, ಪಗಾರದ ವೇಳೆಯೊಳಗೇ ಕೊಡಲಿ. ರಾಡು ಇಡಲು ಬೆಚ್ಚಗಿನ ಪೆಟ್ಟಿಗೆ ಕೊಡಲಿ. ಸೀಳಿದ ಕೇಬಲ್ಲನ್ನು ಅಂದೇ ಬದಲಿಸಲಿ. ಕೆಟ್ಟ ರಾಡಿಗೆ ಪಗಾರ ಮುರಿಯುವುದು ನಿಲ್ಲಲಿ.

ತಮ್ಮಂದಿರಿಗೂ ಎರಡು ಮಾತು. ಕೇಬಲ್ಲು, ಹೋಲ್ಡರು, ಅರ್ಥಿನ ಕ್ಲಾಂಪುಗಳನ್ನು ದಿನಾ ನೋಡಿಕೊಳ್ಳಿರಿ. ಕರೆಂಟು ಕಡಿದ ಮೇಲೆಯೇ ಯಂತ್ರದ ಧೂಳು ತೆಗೆಯಿರಿ. ಗ್ಯಾಸು ಸೋರುವುದನ್ನು ಸಾಬೂನು ನೀರಿನಿಂದ ನೋಡಿರಿ, ಬೆಂಕಿಕಡ್ಡಿಯಿಂದಲ್ಲ. ಆಕ್ಸಿಜನ್ ಕೀಲಿಗೆ ಎಣ್ಣೆ, ಗ್ರೀಸು ಸೋಕಿಸಬೇಡಿರಿ, ಬೆಂಕಿ ಹೊತ್ತೀತು. ನಾಜಲಿನ ತೂತನ್ನು ಮೊಳೆಯಿಂದ ಕೆರೆಯಬೇಡಿರಿ. ಅದಕ್ಕೆಂದೇ ಸೂಜಿ ಇದೆ.

ಯಂತ್ರ ಸೇಠರದು, ನಿಜ. ಅದನ್ನು ಹಿಡಿದ ಕೈ ನಮ್ಮದು. ಯಂತ್ರ ಕೆಟ್ಟರೆ ಹೊಸದು ಬಂದೀತು, ಕೈ ಬಾರದು. ಮುಂದಿನ ಮಳೆಯೊಳಗೆ ಆ ಅರ್ಧ ತಾಸನ್ನು ಎಲ್ಲರೂ ಸೇರಿ ಕೇಳೋಣ. ಒಬ್ಬೊಬ್ಬರೇ ಕೇಳಿದರೆ ಕೆಲಸ ಹೋಗುತ್ತದೆ.